ಮಗಳ ಮಾತಿನ ಪಂಚನಾಮೆ

ನನ್ನ ಮಗಳು ಅಸಾಮಾನ್ಯ ಬುದ್ಧಿವಂತೆ ಎಂಬುದಕ್ಕೆ ನನ್ನ ಬಳಿ ಲಿಖಿತ ದಾಖಲೆ ಇದೆ. ಇನ್ನೂರು ಪುಟದ ನೋಟ್‌ಬುಕ್ಕು, ಮೂರು ಬಗೆಯ ಶಾಯಿ, ಎರಡು ಕಡೆ ಚಹಾದ ಕಲೆ. ತಯಾರಿಸಿದವನು ನಾನೇ ಆದ್ದರಿಂದ ಅದರಲ್ಲಿ ಯಾರಿಗೂ ಒಂದು ದೋಷವೂ ಸಿಗುವುದಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ನಾನು ಖಾನಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಇಪ್ಪತ್ತು ವರ್ಷಗಳಿಂದ ಬೇರೆಯವರ ಮಾತನ್ನು ಕಾಗದಕ್ಕಿಳಿಸುವುದೇ ನನ್ನ ಕೆಲಸ. ಜನ ಅಳುತ್ತ, ಬೈಯುತ್ತ, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಹೇಳಿದ್ದೆಲ್ಲ ನನ್ನ ಪೆನ್ನಿನಿಂದ ಹೊರಬರುವಾಗ "ಸದರಿ ಅರ್ಜಿದಾರರು ವಿನಂತಿಸಿಕೊಂಡಿರುತ್ತಾರೆ" ಎಂದಾಗಿರುತ್ತದೆ. ಈ ಉದ್ಯೋಗದಲ್ಲಿ ಒಂದು ನಂಬಿಕೆ ತಾನಾಗಿ ಬೆಳೆಯುತ್ತದೆ. ಕಾಗದದಲ್ಲಿ ಇದ್ದದ್ದು ನಡೆದಿದೆ, ಇಲ್ಲದ್ದು ನಡೆದಿಲ್ಲ. ಮುದುಕನೊಬ್ಬ ನನ್ನ ಟೇಬಲ್ಲಿನ ಎದುರಿಗೇ ಕೂತು ಕೆಮ್ಮುತ್ತಿದ್ದರೂ, ಬದುಕಿದ್ದೇನೆ ಎಂಬ ಪ್ರಮಾಣಪತ್ರ ಕೊಡುವ ತನಕ ಅವನು ಬದುಕಿದ್ದಾನೆಂದು ನಾನು ಒಪ್ಪುವುದಿಲ್ಲ. ನನ್ನ ಜನ್ಮದಿನವನ್ನೇ ನಾನು ಕಲಿತ ಹಳ್ಳಿ ಶಾಲೆಯ ಹೆಡ್ ಮಾಸ್ತರರು ತಮಗೆ ತಿಳಿದಂತೆ ಬರೆದುಕೊಂಡರು. ಅದೇ ದಿನ ಹುಟ್ಟಿದವನಂತೆ ನಾನು ಬೆಳೆದು, ಅದೇ ದಿನಾಂಕದ ಮೇಲೆ ನೌಕರಿ ಹಿಡಿದು, ಈಗ ಆ ದಿನ ಹೆಂಡತಿ ಮಾಡುವ ಶಾವಿಗೆ ಪಾಯಸವನ್ನೂ ತಿನ್ನುತ್ತೇನೆ.

ಇಂಥ ನನಗೆ ಒಂದು ಡಿಸೆಂಬರಿನಲ್ಲಿ ಹೆಂಡತಿಯ ಅಕ್ಕನಿಂದ ಫೋನು ಬಂತು. ಆಕೆ ಬೆಳಗಾವಿಯ ಹಿಂದವಾಡಿಯಲ್ಲಿ ಇರುವವಳು. ಅಲ್ಲಿಗೆ ಹತ್ತಿರದ ಒಂದು ಶಾಲೆಯಲ್ಲಿ ಒಂದನೇ ತರಗತಿಯಿಂದಲೇ ಪ್ರತಿಭಾವಂತ ಮಕ್ಕಳಿಗೆಂದು ಬೇರೆ ವಿಭಾಗ ನಡೆಸುತ್ತಾರೆ. ಹದಿನೈದೇ ಮಕ್ಕಳು. ಒಂದನೇ ತರಗತಿಗೆ ಸೇರಿಕೊಂಡರೆ ಉಂಟು, ಆಮೇಲೆ ಬಾಗಿಲು ಮುಚ್ಚಿತು. ಹಿಂದಿನ ವರ್ಷ ಆಕೆಯ ಮಗ ಅದರಲ್ಲಿ ಸೇರಿದ್ದ. ಅಲ್ಲಿಂದ ಮುಂದೆ ನಾವು ಅವರ ಮನೆಗೆ ಹೋದರೆ ಆ ಹುಡುಗ ನಮಗೆ ನಮಸ್ಕಾರ ಮಾಡುವುದನ್ನು ಬಿಟ್ಟು ನಮ್ಮನ್ನು ಗಮನಿಸಲು ಶುರುಮಾಡಿದ್ದ. ಗಮನಿಸುವುದು ಅವರ ಪಠ್ಯದಲ್ಲಿದೆಯಂತೆ.

ನನ್ನ ಹೆಂಡತಿ ಫೋನು ಇಟ್ಟವಳೇ ಬಂದು ನನ್ನ ಎದುರು ಕೂತಳು.

"ನನ್ನ ಬೆಳಗಾವಿಯಿಂದ ಖಾನಾಪುರಕ್ಕ ಕೊಟ್ರು, ನಾ ಏನೂ ಅನ್ನದ ಬಂದೆ," ಎಂದಳು. "ನನ್ನ ಮಗಳ ವಿಚಾರದಾಗ ನಾ ಸುಮ್ನ ಇರಾಂಗಿಲ್ಲ ನೋಡ್ರಿ."

ಮಗಳಿಗೆ ಆಗ ಐದೂವರೆ ವರ್ಷ. ಆ ಸೀಟು ಅವಳಿಗೆ ಸಿಗಬೇಕು ಎಂದು ಆ ಕ್ಷಣವೇ ನನಗೂ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಹೆಂಡತಿಗಿಂತ ಹೆಚ್ಚಾಗಿಯೇ ಅನ್ನಿಸಿತು. ಹದಿನೈದು ಮಕ್ಕಳ ಯಾದಿಯಲ್ಲಿ ಒಂದು ಹೆಸರು ಇರಬೇಕು, ಆ ಹೆಸರಿನ ಹಿಂದೆ ನನ್ನ ಹೆಸರು ಇರಬೇಕು. ಇಪ್ಪತ್ತು ವರ್ಷ ಕಾಗದ ಬರೆದರೂ ನನ್ನ ಹೆಸರು ಬರುವುದು ಕೆಳಗಿನ ಮೂಲೆಯಲ್ಲಿ, "ಬರೆದವರು" ಎಂಬಲ್ಲಿ ಮಾತ್ರ.

ಫಾರ್ಮು ನಾಲ್ಕು ಪುಟದ್ದು. ಪರೀಕ್ಷೆ ಇಲ್ಲ, ಅಂಕ ಇಲ್ಲ, ಮಗುವನ್ನು ಒಂದು ಗಂಟೆ ಆಡಲು ಬಿಟ್ಟು ನೋಡುತ್ತೇವೆ, ತಂದೆ ತಾಯಿಯ ಜೊತೆ ಮಾತಾಡುತ್ತೇವೆ ಎಂದಿತ್ತು. ಕೊನೆಯ ಪುಟದಲ್ಲಿ ಒಂದು ಸಾಲು: "ಮಗುವಿನ ವಿಶೇಷ ಮಾತು, ಪ್ರಶ್ನೆ, ವರ್ತನೆಗಳನ್ನು ನೀವು ಕಾಲಕಾಲಕ್ಕೆ ಬರೆದಿಟ್ಟಿದ್ದರೆ ಲಗತ್ತಿಸಬಹುದು." ಹೆಂಡತಿ, "ಇದ್ರ ಹಚ್ಚಬಹುದು ಅಂದಾರ, ಕಡ್ಡಾಯ ಇಲ್ಲ," ಎಂದಳು. ನಾನು ನಕ್ಕೆ. ನಾನು ಕಂಡ ಯಾವ ಫಾರ್ಮಿನಲ್ಲೂ "ಇದ್ದರೆ" ಎಂದರೆ "ಇರಲೇಬೇಕು" ಎಂದೇ ಅರ್ಥ.

ಬರೆದಿಟ್ಟದ್ದು ಏನೂ ಇರಲಿಲ್ಲ. ಸರಿ, ನೆನಪಿನಿಂದ ಬರೆಯೋಣ ಎಂದು ಇಬ್ಬರೂ ಕೂತೆವು. ಐದೂವರೆ ವರ್ಷದಲ್ಲಿ ಮಗಳು ಏನೇನು ಹೇಳಿದ್ದಾಳೆ? ಹೆಂಡತಿ ಹಣೆ ಉಜ್ಜಿಕೊಂಡಳು. ನಾನು ಪೆನ್ನಿನ ಕ್ಯಾಪು ಕಚ್ಚಿದೆ. ಅವಳ ಮೊದಲ ಮಾತು "ಅವ್ವ" ಎನ್ನುವುದು ಹೆಂಡತಿಗೆ ನೆನಪಿತ್ತು, ಆದರೆ ಅದರಲ್ಲಿ ವಿಶೇಷವೇನೂ ಇರಲಿಲ್ಲ. ಇಡೀ ಸಂಜೆ ಕೂತರೂ ಪುಟ ಖಾಲಿಯೇ ಉಳಿಯಿತು. ನಮ್ಮ ಮಗಳ ಮಾತು ಕಡಿಮೆ ಎಂದು ನಾವು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡೆವು. ಅವಳು ಹೇಳಿದ್ದನ್ನು ನಾವು ಕೇಳಿಸಿಕೊಂಡದ್ದು ಕಡಿಮೆ ಇರಬಹುದು ಎಂಬ ಸಂಶಯ ಇಬ್ಬರ ಬಾಯಿಂದಲೂ ಬರಲಿಲ್ಲ.

ಹಾಗಾದರೆ ಇನ್ನು ಮುಂದೆ ಅವಳ ಹಿಂದೆಯೇ ಇದ್ದು ಬರೆದುಕೊಳ್ಳುವುದು ಎಂದು ನಿರ್ಧಾರವಾಯಿತು. ಒಂದು ವಾರ ರಜೆ ಹಾಕಿದೆ. ಆ ವಾರದ ಟಿಪ್ಪಣಿಗಳು ಈಗಲೂ ನನ್ನಲ್ಲಿವೆ. ಸೋಮವಾರ, ತಟ್ಟೆ ದೂಡಿ, "ಉಪ್ಪಿಟ್ಟು ನಕೋ." ಮಂಗಳವಾರ, "ಚಪ್ಪಲ್ ಹರದೈತಿ." ಬುಧವಾರ ಏನೂ ಇಲ್ಲ. ಗುರುವಾರ ಬಾಜು ಮನೆಯ ಬೆಕ್ಕಿನ ಜೊತೆ ಮರಾಠಿಯಲ್ಲಿ ಸಾಕಷ್ಟು ಹೊತ್ತು ಮಾತಾಡಿದಳು, ನಾನು ಹತ್ತಿರ ಹೋದ ಕೂಡಲೇ ಇಬ್ಬರೂ ಸುಮ್ಮನಾದರು. ಶುಕ್ರವಾರ ಮಾತ್ರ ಒಂದು ಪ್ರಶ್ನೆ ಕೇಳಿದಳು: "ಅಪ್ಪಾ, ನೀ ಯಾಕ ನನ್ನ ಹಿಂದ ಹಿಂದ ಬರಾಕತ್ತಿ?"

"ಪ್ರಶ್ನಿ ಐತಲ್ಲ, ಬರ್ಕೋರಿ!" ಎಂದಳು ಹೆಂಡತಿ ಅಡುಗೆಮನೆಯಿಂದ.

ಬರೆದುಕೊಂಡೆ. ಓದಿ ನೋಡಿದರೆ ಅದರಿಂದ ಮಗಳ ಬುದ್ಧಿಗಿಂತ ನಮ್ಮ ಬುದ್ಧಿಯೇ ಹೆಚ್ಚು ಬಯಲಾಗುತ್ತಿತ್ತು. ಹೊಡೆದು ಹಾಕಿದೆ.

ರಜೆ ಮುಗಿದು ಕಚೇರಿಗೆ ಹೋದ ದಿನ ಹಳೆಯ ಸ್ಟೇಷನರಿ ಕಪಾಟಿನಲ್ಲಿ ಒಂದು ನೋಟ್‌ಬುಕ್ಕು ಸಿಕ್ಕಿತು. ನಾಲ್ಕು ವರ್ಷ ಹಳೆಯದು, ಅಂಚು ಹಳದಿಯಾಗಿತ್ತು, ಒಳಗೆ ಒಂದಕ್ಷರವೂ ಇರಲಿಲ್ಲ. ಅದನ್ನು ನೋಡುತ್ತ ನಿಂತಾಗ ನನಗೆ ಹೊಳೆದದ್ದು ಒಬ್ಬ ಇಂಜಿನಿಯರನಿಗೋ ಡಾಕ್ಟರನಿಗೋ ಹೊಳೆಯುವಂಥದ್ದಲ್ಲ. ಅವರು ಮಗಳನ್ನು ತಯಾರು ಮಾಡಲು ಹೋಗುತ್ತಿದ್ದರು. ನಾನು ದಾಖಲೆ ತಯಾರು ಮಾಡುವವನು. ಆಗಲೇ ನಡೆದಿರಬೇಕಾದದ್ದನ್ನು ಈಗ ಬರೆದು ಹಿಂದಿನ ತಾರೀಖು ಹಾಕುವ ಕಲೆ ನನ್ನ ಬೆರಳಲ್ಲಿತ್ತು. ಒಂದೇ ಪೆನ್ನಿನಲ್ಲಿ ಎಲ್ಲ ಬರೆಯಬಾರದು. ಹಳೆಯ ತಾರೀಖುಗಳಿಗೆ ತುಸು ಮಾಸಿದ ಶಾಯಿ ಬೇಕು. ಅಲ್ಲಲ್ಲಿ ಒಂದು ಚಿತ್ತು ಇರಬೇಕು, ಚಿತ್ತಿಲ್ಲದ ದಾಖಲೆಯನ್ನು ಯಾರೂ ನಂಬುವುದಿಲ್ಲ.

ಮೊದಲ ಪುಟ ಬರೆದು ಹೆಂಡತಿಗೆ ತೋರಿಸಿದೆ. "ಈ ದಿನ ಮುಂಜಾನೆ ಸುಮಾರು ಎಂಟು ಗಂಟೆಯ ಸುಮಾರಿಗೆ ಸದರಿ ಬಾಲಕಿಯು ಮನೆಯ ಅಂಗಳದಲ್ಲಿ ತನ್ನ ನೆರಳನ್ನು ಖುದ್ದಾಗಿ ವೀಕ್ಷಿಸಿ..."

"ಇದೇನ್ರೀ, ಕಳವಿನ ಕೇಸ್ ಏನು?" ಎಂದಳು.

ಪಂಚನಾಮೆ ಬರೆದು ಕೈ ಪಳಗಿದ್ದರ ಫಲ. ಭಾಷೆ ಬದಲಿಸಲು ಹದಿನೈದು ದಿನ ಹಿಡಿಯಿತು. ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಕಚೇರಿ ಖಾಲಿಯಿದ್ದಾಗ, ಬರೆದೆ. ಬರೆಯುತ್ತ ಹೋದಂತೆ ಅದರ ರುಚಿ ಹತ್ತಿತು. ಮೂರೂವರೆ ವರ್ಷದವಳು ಕೇಳಿದಳು, "ನೆರಳಿಗೆ ಚಳಿ ಆಗಂಗಿಲ್ಲೇನು?" ನಾಲ್ಕರಲ್ಲಿ ಕೇಳಿದಳು, "ನಿನ್ನಿ ಎಲ್ಲಿ ಹೋಗಿ ಕುಂದರತೈತಿ?" ಐದು ತುಂಬಿದ ಮೇಲೆ ಲೋಂಡಾ ಸ್ಟೇಷನ್ನಿನಲ್ಲಿ, ಗೋವಾಕ್ಕೆ ಹೋಗುವ ಹಳಿ ಮತ್ತು ಹುಬ್ಬಳ್ಳಿಗೆ ಹೋಗುವ ಹಳಿ ಬೇರೆಯಾಗುವುದನ್ನು ನೋಡಿ ಕೇಳಿದಳು, "ಅಪ್ಪಾ, ಇವು ಇಷ್ಟ ದೂರ ಕೂಡೇ ಬಂದಾವು, ಬಿಟ್ಟ ಹೋಗೂ ಮುಂದ ಒಂದಕ್ಕೊಂದು ಏನ್ ಹೇಳ್ತಾವು?"

ಈ ಕೊನೆಯದನ್ನು ಬರೆದ ದಿನ ನನ್ನ ಕಣ್ಣು ಒದ್ದೆಯಾಯಿತು. ಆ ತಾರೀಖು ಭಾನುವಾರವೇ ಹೌದೋ ಎಂದು ಹಳೆಯ ಕ್ಯಾಲೆಂಡರ್ ತೆಗೆದು ನೋಡಿದೆ, ಅಷ್ಟೊತ್ತಿಗೆ ಲೋಂಡಾದಲ್ಲಿ ಗಾಡಿ ಇರುತ್ತದೋ ಎಂದು ವೇಳಾಪಟ್ಟಿ ನೋಡಿದೆ. ಮಗಳನ್ನು ನಾನು ಲೋಂಡಾಕ್ಕೆ ಒಂದು ಸಲವೂ ಕರೆದೊಯ್ದಿರಲಿಲ್ಲ. ಖಾನಾಪುರದಿಂದ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನಾಚಿಕೆಯಾಗುವಷ್ಟು ಹತ್ತಿರ.

ಹೇಳಿಯೇ ಬಿಡುತ್ತೇನೆ. ಆ ಎರಡು ತಿಂಗಳು ನಾನು ನೋಟ್‌ಬುಕ್ಕಿನ ಹುಡುಗಿಯನ್ನು ಬಹಳ ಪ್ರೀತಿಸಿದೆ. ಸಂಜೆ ಮನೆಗೆ ಬಂದರೆ ಇನ್ನೊಬ್ಬಳು ಬಾಗಿಲಲ್ಲಿ ಮೂಗು ಸುರಿಸಿಕೊಂಡು ನಿಂತಿರುತ್ತಿದ್ದಳು. "ಏನ್ ತಂದಿ?" ಎನ್ನುತ್ತಿದ್ದಳು. ನನಗೆ ಸಣ್ಣದೊಂದು ನಿರಾಸೆಯಾಗುತ್ತಿತ್ತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ದಾಖಲೆ ಎಂದಮೇಲೆ ಸಾಕ್ಷಿ ಬೇಡವೇ? ಪಂಚರ ಸಹಿ ಇಲ್ಲದ ಪಂಚನಾಮೆ ಎಲ್ಲಾದರೂ ಉಂಟೇ? ಕೊನೆಯ ಪುಟದಲ್ಲಿ "ಮೇಲ್ಕಂಡ ಮಾತುಗಳನ್ನು ನಾವು ಸ್ವತಃ ಕೇಳಿರುತ್ತೇವೆ" ಎಂದು ಬರೆದು ಹೆಂಡತಿಯ ಸಹಿ ಹಾಕಿಸಿದೆ. ಅವಳು ಓದದೆ ಹಾಕಿದಳು. ಆಮೇಲೆ ನಮ್ಮ ಜೊತೆಯಲ್ಲೇ ಇರುವ ನನ್ನ ತಾಯಿಯ ಹತ್ತಿರ ಹೋದೆ. ಆಕೆ ನಂದಗಡದವಳು, ಏಳನೇ ಇಯತ್ತೆ ಓದಿದವಳು, ಲಿಂಗಪೂಜೆ ಮುಗಿಸಿ ಆಗ ತಾನೆ ವಿಭೂತಿ ಹಚ್ಚಿಕೊಂಡು ಎದ್ದಿದ್ದಳು. ಚಷ್ಮಾ ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಓದಿದಳು.

"ಇದನ್ನೆಲ್ಲಾ ಈಕಿ ಅಂದಾಳೇನು?"

"ಅಂದಂಗ ಐತಿ."

"ಅಂದಂಗ ಐತಿ ಅಂದ್ರ?"

"ಯವ್ವಾ, ಎಲ್ಲಾ ತಂದಿ ತಾಯಿ ಹಿಂಗ ಬರೀತಾರ."

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಿದ್ರು ಹಿರ್ಯಾರು. ನಿನಗ ಅದೂ ಮುದ್ದಿಲ್ಲ, ಬ್ಯಾರೆ ಕೂಸನ ಹಡದಿ," ಎಂದಳು. ಸಹಿ ಹಾಕಲಿಲ್ಲ. ನಾನು ಬಿಡಲಿಲ್ಲ. ಕೊನೆಗೆ ಒಂದು ಷರತ್ತು ಹಾಕಿದಳು. ಮೊಮ್ಮಗಳು ಖರೇನೇ ಆಡಿದ ಒಂದು ಮಾತನ್ನು ತಾನು ಹೇಳುತ್ತೇನೆ, ಅದನ್ನು ಬರೆದರೆ ಆ ಒಂದು ಮಾತಿಗಷ್ಟೇ ತನ್ನ ಸಹಿ. ಹೇಳಿದಳು, ಬರೆದೆ: "ಅಜ್ಜಿ, ನೀ ಸತ್ತ ಮ್ಯಾಲ ನಿನ್ನ ಕೌದಿ ನನಗ ಕೊಡು. ಈಗ ಬ್ಯಾಡ, ಈಗ ಕೊಟ್ರ ನಿನಗ ಥಂಡಿ ಆಕ್ಕೈತಿ." ಅದರ ಎದುರಿಗೆ ತಾಯಿ ಬಿಡಿ ಅಕ್ಷರದಲ್ಲಿ ಸಹಿ ಮಾಡಿದಳು.

ಫಾರ್ಮಿನ ಜೊತೆ ನೋಟ್‌ಬುಕ್ಕನ್ನೂ ಲಗತ್ತಿಸಿ ಕಳಿಸಿದೆ. ಫೆಬ್ರವರಿಯ ಕೊನೆಗೆ ಶಾಲೆಯಿಂದ ಕರೆ ಬಂತು. ಮುಂಜಾನೆಯ ಬಸ್ಸಿಗೆ ಮೂವರೂ ಬೆಳಗಾವಿಗೆ ಹೋದೆವು. ಹಿಂದವಾಡಿಯಲ್ಲಿ ಹೆಂಡತಿಯ ಅಕ್ಕನ ಮನೆಯಲ್ಲಿ ಅವಲಕ್ಕಿ ತಿಂದೆವು. ಆಕೆಯ ಮಗ ನಾವು ತಿನ್ನುವುದನ್ನು ಗಮನಿಸಿದ. ಶಾಲೆಯಲ್ಲಿ ಮಕ್ಕಳನ್ನು ಒಳಗೆ ಆಡಲು ಕರೆದುಕೊಂಡು ಹೋದರು, ನಮ್ಮನ್ನೆಲ್ಲ ಒಂದು ಹಾಲಿನಲ್ಲಿ ಕೂರಿಸಿದರು. ಗೋಡೆಯ ಮೇಲೆ "ಪ್ರತಿ ಮಗುವೂ ವಿಶೇಷ" ಎಂದು ದೊಡ್ಡದಾಗಿ ಬರೆದಿತ್ತು. ಅದರ ಕೆಳಗೆ ಕೂತು ನಾವೆಲ್ಲ ನಮ್ಮ ಮಗು ಉಳಿದವರ ಮಗುವಿಗಿಂತ ವಿಶೇಷ ಎಂದು ತೋರಿಸಲು ತಂದಿದ್ದ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದೆವು. ಒಬ್ಬ ತಂದೆ ಲ್ಯಾಪ್‌ಟಾಪ್ ತಂದಿದ್ದ. ಒಬ್ಬ ತಾಯಿ ಮಗನ ಚಿತ್ರಗಳನ್ನು ಲ್ಯಾಮಿನೇಟ್ ಮಾಡಿಸಿದ್ದಳು, ನನ್ನ ಪಕ್ಕದವರು ಮಗಳ ಜಾತಕ ತಂದಿದ್ದರು. ಯಾರೂ ಯಾರ ಜೊತೆಗೂ ಮಾತಾಡಲಿಲ್ಲ. ನಡುವೆ ಒಳಗಿನಿಂದ ಯಾವುದೋ ಮಗು ಜೋರಾಗಿ ಅತ್ತಿತು. ಹಾಲಿನಲ್ಲಿದ್ದ ಅಷ್ಟೂ ತಾಯಂದಿರು ಕಿವಿ ನಿಮಿರಿಸಿ, ತಮ್ಮದಲ್ಲ ಎಂದು ಗೊತ್ತಾದ ಮೇಲೆ ಮುಖ ಸಡಿಲಿಸಿದರು. ಒಬ್ಬಳು ಮಾತ್ರ ಎದ್ದು ನಿಂತಳು.

ನಮ್ಮ ಸರದಿ ಬಂದಾಗ ಆ ವಿಭಾಗದ ಮುಖ್ಯಸ್ಥೆ ನಮ್ಮನ್ನು ತಮ್ಮ ಕೋಣೆಗೆ ಕರೆದರು. ಐವತ್ತು ದಾಟಿದ, ಮೆಲುದನಿಯ ಹೆಂಗಸು. ನನ್ನ ನೋಟ್‌ಬುಕ್ಕು ಅವರ ಮೇಜಿನ ಮೇಲಿತ್ತು, ಅಲ್ಲಲ್ಲಿ ಬಣ್ಣದ ಚೀಟಿ ಅಂಟಿಸಿದ್ದರು.

"ಇದನ್ನ ನಾ ಮೂರು ಸಲ ಓದೀನಿ," ಎಂದರು. "ಮಕ್ಕಳ ಮಾತಿಗೆ ಇಷ್ಟು ಕಿವಿ ಕೊಡೋ ತಂದೀನ್ನ ನಾ ನೋಡಿದ್ದಿಲ್ಲರೀ."

ಹೆಂಡತಿ ನೆಲ ನೋಡಿದಳು. ನಾನು ವಿನಯದಿಂದ ಕೈ ಜೋಡಿಸಿದೆ. ಅವರು ಪುಟ ತಿರುವಿ ಒಂದು ಕಡೆ ಬೆರಳಿಟ್ಟರು.

"ತಪ್ಪು ತಿಳ್ಕೋಬ್ಯಾಡ್ರಿ. ಇಲ್ಲಿ ಕೌದಿ ಮಾತು ಅದ ನೋಡ್ರಿ, ಇದೊಂದು ಮಾತ್ರ ನೀವು ಆಮ್ಯಾಲೆ ಸೇರಿಸಿದಂಗ ಕಾಣ್ತದ. ಉಳಿದದ್ದರ ಧಾಟಿನೇ ಬ್ಯಾರೆ."

"ನಮ್ಮ ತಾಯಿ ಒತ್ತಾಯ ಮಾಡಿದ್ರು," ಎಂದೆ. ಅದು ಆ ಕೋಣೆಯಲ್ಲಿ ನಾನು ಆಡಿದ ಒಂದೇ ನಿಜ.

"ಇರಲಿ ಬಿಡ್ರಿ. ಹಿರ್ಯಾರಿಗೆ ಪ್ರೀತಿ ಇರ್ತದ," ಎಂದು ನಕ್ಕು ಆ ಸಾಲಿನ ಮೇಲೆ ಪೆನ್ಸಿಲ್ಲಿನಿಂದ ಸಣ್ಣ ಗೆರೆ ಎಳೆದರು.

ಆಟ ಮುಗಿಸಿದ ಮಗಳನ್ನು ಕರೆತಂದರು. ಮುಖ್ಯಸ್ಥೆ ಅವಳನ್ನು ಹತ್ತಿರ ಕೂರಿಸಿಕೊಂಡರು. "ಲೋಂಡಾದಾಗ ಹಳಿ ನೋಡಿ ಏನೋ ಕೇಳಿದ್ಯಂತಲ್ಲ? ಒಂದಕ್ಕೊಂದು ಏನ್ ಹೇಳ್ತಾವು ಅಂತ? ಈಗ ನಿನಗ ಏನ್ ಅನ್ನಸ್ತದ ಪುಟ್ಟಾ?"

ಮಗಳು ತಲೆ ಅಲ್ಲಾಡಿಸಿದಳು.

"ನಾ ಲೋಂಡಾಕ್ಕ ಹೋಗಿಲ್ಲ."

ಹೆಂಡತಿಯ ಕೈ ನನ್ನ ಅಂಗಿಯ ತುದಿ ಹಿಡಿದದ್ದು ಗೊತ್ತಾಯಿತು. ಅಲ್ಲಿ ನಾನು ಸುಮ್ಮನಿದ್ದರೂ ನಡೆಯುತ್ತಿತ್ತು. ಮಕ್ಕಳು ಮರೆಯುತ್ತಾರೆ, ಆ ಹೆಂಗಸೂ ಹಾಗೆಯೇ ತಿಳಿದುಕೊಳ್ಳುತ್ತಿದ್ದರು. ಆದರೆ ದಾಖಲೆಗೆ ವಿರುದ್ಧವಾಗಿ ಯಾರಾದರೂ ಬಾಯಿ ತೆರೆದರೆ ಸುಮ್ಮನಿರುವ ಅಭ್ಯಾಸ ನನಗಿಲ್ಲ.

"ನೆನಪಿಲ್ಲೇನವಾ?" ಎಂದೆ ಅಕ್ಕರೆಯಿಂದ. "ಹ್ವಾದ ವರ್ಷ ಹೋಗಿದ್ವಲ್ಲ. ಕೆಂಪು ಸ್ವೆಟರ್ ಹಾಕ್ಕೊಂಡಿದ್ದಿ. ನೀನ ಕೇಳಿದ್ದಿ ನನ್ನ."

ಅವಳು ನನ್ನ ಮುಖ ನೋಡಿದಳು. ಅಷ್ಟು ಹೊತ್ತು ಅವಳು ನನ್ನನ್ನು ಎಂದೂ ನೋಡಿರಲಿಲ್ಲ. ತನಗೆ ಗೊತ್ತಿದ್ದದ್ದು ಒಂದು ಕಡೆ, ಅಪ್ಪ ಒಂದು ಕಡೆ. ಐದೂವರೆ ವರ್ಷದ ಮಗು ಯಾರನ್ನು ಆರಿಸಿಕೊಳ್ಳುತ್ತದೆ?

"ಹೌದು," ಎಂದಳು. "ಹೋಗಿದ್ದೆ."

"ಮತ್ತ ಏನ್ ಹೇಳ್ತಾವು ಹಳಿ?"

"ಗೊತ್ತಿಲ್ಲ."

ಮುಖ್ಯಸ್ಥೆಗೆ ಅದು ಬಹಳ ಹಿಡಿಸಿತು. "ಗೊತ್ತಿಲ್ಲ ಅನ್ನೋ ಧೈರ್ಯ ಇರೋ ಮಕ್ಕಳು ಸಿಗೂದಿಲ್ಲರೀ," ಎಂದು ಬರೆದುಕೊಂಡರು.

ಮಾರ್ಚಿನಲ್ಲಿ ಮೊಬೈಲಿಗೆ ಸಂದೇಶ ಬಂತು, ಸೀಟು ಸಿಕ್ಕಿತ್ತು. ಕಚೇರಿಗೆಲ್ಲ ಕುಂದಾ ಹಂಚಿದೆ. ಸಾಹೇಬರು ಎರಡು ಸಲ ಹಾಕಿಸಿಕೊಂಡು, "ನಿಮ್ಮ ಮಗಳು ನಿಮ್ಮಂಗ ಅಲ್ಲ ಬಿಡ್ರಿ," ಎಂದರು. ತಾಯಿಗೆ ಕುಂದಾ ಕೊಡಲು ಹೋದರೆ, "ಯಾವ ಮಗಳಿಗೆ ಸಿಕ್ಕೈತಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಿಂದಳು.

ಬೇಸಿಗೆಯಲ್ಲಿ ಮಗಳಿಗೆ ಹೊಸ ಹಂಬಲ ಶುರುವಾಯಿತು. ಅವಳಿಗಿನ್ನೂ ಓದಲು ಬರುತ್ತಿರಲಿಲ್ಲ. ಶಾಲೆಯವರು ಹಿಂದಿರುಗಿಸಿದ್ದ ನೋಟ್‌ಬುಕ್ಕು ಹಿಡಿದುಕೊಂಡು ಬಂದು, ಓದು ಎನ್ನುತ್ತಿದ್ದಳು. ಕಥೆ ಕೇಳಿದಂತೆ ಕೇಳುತ್ತಿದ್ದಳು. ಮೊದಮೊದಲು, "ಆಮ್ಯಾಲ ಆಕಿ ಏನ್ ಕೇಳಿದ್ಲು?" ಎನ್ನುತ್ತಿದ್ದಳು. ಮೇ ಹೊತ್ತಿಗೆ, "ಆಮ್ಯಾಲ ನಾ ಏನ್ ಕೇಳಿದೆ?" ಎನ್ನತೊಡಗಿದಳು. ನಾನು ಅದನ್ನು ಗಮನಿಸಿದೆ, ಚಲೋ ಆಯಿತು ಎಂದುಕೊಂಡೆ. ಇನ್ನು ಶಾಲೆಯಲ್ಲಿ ಯಾರು ಕೇಳಿದರೂ ತೊಂದರೆಯಿಲ್ಲ.

ಜೂನಿನಲ್ಲಿ ಹೆಂಡತಿ ಮತ್ತು ಮಗಳು ಹಿಂದವಾಡಿಗೆ ಹೋದರು, ಅಕ್ಕನ ಮನೆಯ ಮೇಲಿನ ಮಹಡಿಗೆ. ಶನಿವಾರ ಮಧ್ಯಾಹ್ನ ಖಾನಾಪುರಕ್ಕೆ ಬರುವುದು, ಸೋಮವಾರ ನಸುಕಿನ ಬಸ್ಸಿಗೆ ಹೋಗುವುದು. ಸೀಟು ಬೇಕೆಂದು ಕುಣಿಯುವಾಗ ಈ ಲೆಕ್ಕ ನನಗೆ ಹೊಳೆದಿರಲಿಲ್ಲ. ವಾರದ ಐದು ದಿನ ನಾನು ಮತ್ತು ನನ್ನ ತಾಯಿ ಎದುರುಬದುರು ಕೂತು ಉಣ್ಣುತ್ತಿದ್ದೆವು. ಶಾಲೆಯವರು ನನ್ನ ನೋಟ್‌ಬುಕ್ಕನ್ನು ಎಷ್ಟು ಮೆಚ್ಚಿದ್ದರೆಂದರೆ ಅದನ್ನು ಎಲ್ಲ ಪಾಲಕರಿಗೂ ಕಡ್ಡಾಯ ಮಾಡಿದರು. ಪ್ರತಿ ಸೋಮವಾರ ಮಗುವಿನ ವಾರದ ಮಾತುಗಳನ್ನು ಬರೆದು ಕಳಿಸಬೇಕು. ಉಳಿದ ಹದಿನಾಲ್ಕು ಮಕ್ಕಳ ತಂದೆ ತಾಯಂದಿರು ನನಗೆ ಎಷ್ಟು ಶಾಪ ಹಾಕಿದರೋ ಗೊತ್ತಿಲ್ಲ.

ವಾರವೆಲ್ಲ ಅವಳು ನನ್ನ ಹತ್ತಿರ ಇರುತ್ತಿರಲಿಲ್ಲ, ಆದರೂ ನಾನು ಬರೆಯುತ್ತಿದ್ದೆ. ಶನಿವಾರ ಬಂದವಳು ಬಳಲಿರುತ್ತಿದ್ದಳು. ಬಾಜು ಮನೆಯ ಬೆಕ್ಕು ಕಟ್ಟೆಯ ಮೇಲೆ ಬಂದು ಕೂತರೂ ಹೋಗಿ ಮಾತಾಡಿಸುತ್ತಿರಲಿಲ್ಲ. ಜುಲೈಯ ಒಂದು ಭಾನುವಾರ ಸಂಜೆ ನೋಟ್‌ಬುಕ್ಕು ತೆಗೆದು ಕೂತಿದ್ದೆ. ಅವಳು ಬಂದು ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು.

"ಅಪ್ಪಾ, ಈ ವಾರ ನಾ ಏನ್ ಅಂದೆ?"

"ನೀನ ಹೇಳವಾ. ಏನೇನ್ ಅಂದಿ?"

"ನನಗ ಗೊತ್ತಿಲ್ಲ. ನೀ ಬರದು ಹೇಳು, ನಾ ನಾಳೆ ಸಾಲ್ಯಾಗ ಅಂತೀನಿ."

ನಾನು ಪೆನ್ನಿಗೆ ಕ್ಯಾಪು ಹಾಕಿ ಕೆಳಗಿಟ್ಟೆ. ತನ್ನ ಬಾಯಿಂದ ಬಂದದ್ದು ತನ್ನದು ಹೌದೋ ಅಲ್ಲವೋ ಎಂದು ಅಪ್ಪನ ನೋಟ್‌ಬುಕ್ಕಿನಲ್ಲಿ ನೋಡಿ ತಿಳಿದುಕೊಳ್ಳುವ ಮಗಳನ್ನು ನಾನು ತಯಾರು ಮಾಡಿದ್ದೆ. ಸೀಟು ಹೋದರೆ ಹೋಗಲಿ, ಅವಳ ಸ್ವಂತ ಮಾತು ಹೋಗಬಾರದಿತ್ತು. ಆ ವಾರ ಏನೂ ಬರೆಯಲಿಲ್ಲ. ಜ್ವರ ಬಂದಿತ್ತು ಎಂದು ಶಾಲೆಗೆ ಒಂದು ಚೀಟಿ ಬರೆದೆ.

ಹೆಂಡತಿಗೆ ಹೇಳಿದೆ. ಅವಳು ಮೊದಲು ಹೆದರಿದಳು, ಆಮೇಲೆ ಸಿಟ್ಟಾದಳು. "ಈಗ ಶಾಣ್ಯಾ ಆದ್ರೇನು? ನಮ್ಮಕ್ಕ ತನ್ನ ಮಗಂದು ಟ್ಯೂಷನ್ ಮಾಸ್ತರ ಕಡಿಂದ ಬರಿಸಿದ್ಲು, ನೀವರ ಸ್ವಂತ ಬರದೀರಿ," ಎಂದಳು. ಮಗಳ ಚೀಲ ತುಂಬುತ್ತ, ತಗ್ಗಿದ ದನಿಯಲ್ಲಿ, "ಆಕೀಗೆ ಖರೇ ಹೇಳಿಬಿಡ್ರಿ. ಸಾಲೀದು ಆಮ್ಯಾಲ ನೋಡೂಣು," ಎಂದಳು. ಹೇಳುವ ಕೆಲಸ ನನ್ನದೇ ಎಂಬುದರಲ್ಲಿ ಇಬ್ಬರಿಗೂ ಸಂಶಯವಿರಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಅವಳನ್ನು ಕರೆದು ಕೂರಿಸಿಕೊಂಡೆ. ಮಾತು ಹೇಗೆ ಶುರು ಮಾಡುವುದೆಂದು ಹಿಂದಿನ ಎರಡು ದಿನ ಮನಸ್ಸಿನಲ್ಲೇ ಕರಡು ಮಾಡಿ ಹೊಡೆದು ಹಾಕಿದ್ದೆ. ಕೊನೆಗೆ ನೇರವಾಗಿಯೇ ಹೇಳಿದೆ.

"ಈ ಬುಕ್ಕಿನಾಗ ಬರದದ್ದು ನೀ ಅಂದಿದ್ದಲ್ಲವಾ. ನಾ ಸುಳ್ಳ ಬರದೇನಿ. ನಿಂದು ತಪ್ಪಿಲ್ಲ, ನಂದು."

ಅವಳು ನಕ್ಕಳು. ಹಾಸ್ಯ ಮಾಡುತ್ತಿದ್ದೇನೆ ಎಂದುಕೊಂಡಳು. ನಾನು ಮತ್ತೆ ಹೇಳಿದೆ. ಲೋಂಡಾದ ಪುಟ ತೆಗೆದು ಬೆರಳಿಟ್ಟು, ಇದೂ ಸುಳ್ಳು, ನಾವು ಅಲ್ಲಿಗೆ ಹೋಗಿಯೇ ಇಲ್ಲ, ಅವತ್ತು ಶಾಲೆಯಲ್ಲಿ ನೀನು ಹೇಳಿದ್ದೇ ಖರೇ ಎಂದೆ. ಅವಳ ನಗು ಇಳಿಯಿತು. ತುಟಿ ಬಿಗಿಯಿತು.

"ಹೋಗಿದ್ವಿ," ಎಂದಳು.

"ಇಲ್ಲವಾ."

"ಹೋಗಿದ್ವಿ! ನನಗ ನೆನಪೈತಿ. ನಾ ಕೆಂಪು ಸ್ವೆಟರ್ ಹಾಕ್ಕೊಂಡಿದ್ದೆ. ನಾವಿಬ್ರ ಹೋಗಿದ್ವಿ, ಅವ್ವ ಬಂದಿದ್ದಿಲ್ಲ. ಹಳಿ ಕಾಣವಲ್ದು ಅಂದೆ, ನೀ ನನ್ನ ಹೆಗಲ ಮ್ಯಾಲ ಕುಂದರಿಸ್ಕೊಂಡಿ. ಬಟಾಟಿ ವಡಾ ಕೊಡಿಸಿದಿ. ಭಾಳ ಸುಡತಿತ್ತು. ನೀ ಮುರದು, ಊದಿ ಊದಿ ಬಾಯಾಗ ಇಟ್ಟಿ."

ಕೈಯಲ್ಲಿದ್ದ ಪುಟ ನೋಡಿದೆ. ಅದರಲ್ಲಿ ವಡೆ ಇರಲಿಲ್ಲ. ಹಿಂದಿನ ಪುಟ, ಮುಂದಿನ ಪುಟ ತಿರುವಿದೆ, ಹೆಗಲೂ ಇರಲಿಲ್ಲ. ಇವನ್ನು ನಾನು ಬರೆದಿರಲಿಲ್ಲ. ಬರೆಯಬೇಕೆಂದು ನನಗೆ ತೋಚಿಯೂ ಇರಲಿಲ್ಲ. ಅವಳಿಗೆ ಆರು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ಬಿಸಿಯಾದದ್ದೇನನ್ನಾದರೂ ಊದಿ ಅವಳ ಬಾಯಲ್ಲಿಟ್ಟದ್ದು ನೆನಪಿಗೆ ಬರುತ್ತದೋ ಎಂದು ಹುಡುಕಿದೆ. ಬರಲಿಲ್ಲ.

ಅವಳ ಕಣ್ಣುಗಳು ತುಂಬಿದ್ದವು. ನನ್ನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಊದಿದ್ದಿ ಅಲ್ಲೇನಪ್ಪಾ?"

"ಹೌದವಾ," ಎಂದೆ. "ಊದಿದ್ದೆ."